ಕಲ್ಲು ಸವೆಸಿದ ಬೆರಳು

ಡೆಲ್ಫಿಯಾ ಅವನನ್ನು ಮೊದಲು ನೋಡಿದ್ದು ಕೆಂಟಕಿಯ ತನ್ನ ಬಂದೂಕಿನಂಗಡಿಯಲ್ಲಿ, ಒಂದು ಮಾರ್ಚ್ ಬೆಳಗ್ಗೆ. ಬೂಟಿಗಂಟಿದ ಕಲ್ಲಿನ ಪುಡಿಯನ್ನು ಹೊರಗೇ ಕೊಡವಿ, ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದ ಮುದುಕ ಆರ್ವಿಲ್ ಸ್ಟ್ಯಾಂಪರ್, ಕಲ್ಲುಗೋಡೆ ಕಟ್ಟುವವನು. ತೀರಿಕೊಂಡ ಅಣ್ಣ, ತಾನು ಯುದ್ಧದಿಂದ ತಂದಿದ್ದ ಮಷಿನ್ ಗನ್ನನ್ನು ಇವನ ಹೆಸರಿಗೆ ಬರೆದಿಟ್ಟಿದ್ದ.

“ಅವಂದು ಅಂತ ನನಗುಳಿದಿರೋದು ಅದೊಂದೇ,” ಎಂದ.

ಅಣ್ಣ ಅದನ್ನು ಸಾವಿರದ ಒಂಬೈನೂರ ಅರವತ್ತೆಂಟರಲ್ಲೇ ಸರ್ಕಾರದಲ್ಲಿ ನೋಂದಾಯಿಸಿದ್ದರಿಂದ ಹಳೆಯ ಕಾಗದ ಸರಿಯಿತ್ತು. ಇನ್ನು ಬೇಕಿದ್ದದ್ದು ವಾರಸುದಾರನ ಅರ್ಜಿ ಮತ್ತು ಹತ್ತು ಬೆರಳಿನ ಅಚ್ಚು. ಆ ಅಚ್ಚೇ ಎರಡು ಸಲ ವಾಪಸು ಬಂತು. ಐವತ್ತು ವರ್ಷದ ಕಲ್ಲುಕೆಲಸ ಅವನ ಬೆರಳ ಗೆರೆಗಳನ್ನೆಲ್ಲ ಸವೆಸಿತ್ತು. ಅಪ್ಪಣೆ ಸಿಗದಿದ್ದರೆ ಗನ್ ಸರ್ಕಾರದ ಪಾಲಾಗುತ್ತಿತ್ತು.

“ಒಂದು ತಿಂಗಳು ಕಲ್ಲು ಮುಟ್ಟಬೇಡಿ ಯಜಮಾನ್ರೇ. ದಿನಾ ಕೈಗೆ ಹಂದಿಕೊಬ್ಬು ಹಚ್ಕೊಳ್ಳಿ. ಗೆರೆ ಮತ್ತೆ ಮೂಡ್ತವೆ,” ಎಂದಳು ಡೆಲ್ಫಿಯಾ.

“ಅಷ್ಟು ದಿನ ಮನೇಲಿ ಕೂತ್ರೆ ನನ್ನ ಹೆಂಡ್ತೀನೇ ಗನ್ ಕೇಳ್ಕೊಂಡು ಇಲ್ಲಿಗೆ ಬರ್ತಾಳೆ, ಮಗಳೇ!”

ಆದರೂ ಕೂತ. ವಾರಕ್ಕೊಮ್ಮೆ ಬಂದು, ಮೇಷ್ಟರಿಗೆ ಉಗುರು ತೋರಿಸುವವನಂತೆ ಕೈ ಚಾಚುತ್ತಿದ್ದ. ಐದನೆಯ ವಾರ ಡೆಲ್ಫಿಯಾ ಅವನ ಬೆರಳುಗಳಿಗೆ ಶಾಯಿ ಸವರಿ, ಒಂದೊಂದನ್ನೇ ಕಾಗದದ ಮೇಲೆ ಹೊರಳಿಸಿದಳು. ತೆಳುವಾದ ಗೆರೆಗಳು ಮೂಡಿದವು.

ಆರ್ವಿಲ್ ತನ್ನ ಮೆತ್ತಗಾದ ಕೈಯನ್ನು ತಿರುಗಿಸಿ ನೋಡಿಕೊಂಡ. “ಕೆಲಸಕ್ಕೆ ಸೇರೋ ಮುಂಚೆ ಹೀಗಿತ್ತು ನೋಡು. ಆಗ ಅಣ್ಣ ಈ ಕೈ ಹಿಡ್ಕೊಂಡು ಹೊಳೆ ದಾಟಿಸ್ತಿದ್ದ.”

ಬೇಸಿಗೆಯ ಕೊನೆಗೆ ಅಪ್ಪಣೆ ಬಂತು. ಗನ್ ಅವನ ಮನೆಯ ಕಬ್ಬಿಣದ ಬೀರುವಿನಲ್ಲಿದೆ. ಆರ್ವಿಲ್ ಈಗಲೂ ಕೈಗವಸಿಲ್ಲದೆ ಕಲ್ಲುಗೋಡೆ ಕಟ್ಟುತ್ತಾನೆ.