ಪಟದ ಹಿಂದಿನ ಫ್ಲಾಪಿ

ಮುಂದಿನ ವಾರ ನನ್ನ ಕಣ್ಣಿನ ಆಪರೇಶನ್. ಅಷ್ಟರೊಳಗೆ ದೇವರ ಕೋಣೆ ಒರೆಸೋಣವೆಂದು ವೀರಭದ್ರನ ಪಟ ಇಳಿಸಿದರೆ ಹಿಂದಿನಿಂದ ಬಿಳಿ ಫ್ಲಾಪಿಯೊಂದು ಜಾರಿತು. ಊದಬತ್ತಿಯ ವಾಸನೆ ಹಿಡಿದಿತ್ತು.

ನಿಮ್ಮ ಮನೆಯಲ್ಲೂ ಇಂಥದೊಂದು ಜಾಗ ಇದ್ದೀತು. ನಮ್ಮಲ್ಲಿ ಕೀಲಿ, ರೇಶನ್ ಕಾರ್ಡು ಎಲ್ಲ ಪಟದ ಹಿಂದೆ. ಕಳ್ಳ ಅಲ್ಲಿ ಕೈ ಹಾಕಲಾರನೆಂದು ಅತ್ತೆಯವರ ನಂಬಿಕೆ.

ಆ ಫ್ಲಾಪಿ ಸಾಂಗಲಿಯ ನಮ್ಮ ವಿಶ್ರಾಮಬಾಗಿನಲ್ಲಿ ಹೆಜ್ಜೆಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿದ ಕಾಲದ್ದು. ನನ್ನ ನಾದಿನಿ ಶಾರದಾ ಅಲ್ಲಿ ಕಲಿತು, ಮಿರಜದ ಸಣ್ಣ ರಕ್ತಭಂಡಾರಕ್ಕೆ ರಕ್ತ ಕೊಡುವವರ ಯಾದಿಯ ಪ್ರೋಗ್ರಾಮ್ ಬರೆದಿದ್ದಳು. ಅದನ್ನು ಅಚ್ಚು ಹಾಕಿದ ಕಾಗದ ನೋಡಿದರೆ ನಡುನಡುವೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮನೆಯ ಮಾತು!

“ಮಷೀನಿಗೆ ಕನ್ನಡ ತಿಳೀತದೇನ?” ಎಂದು ನಕ್ಕಿದ್ದೆ.

“ಈ ಸಾಲು ಅದು ಓದಂಗೇ ಇಲ್ಲ ವೈನಿ, ದಾಟಿಕೊಂಡು ಹೋಗತದ. ಇವು ನನ್ನ ಸಲುವಾಗಿ. ನಾಳೆ ನಾನೇ ಮರತ್ರ?”

“ಬ್ಯಾರೆದವರು ಓದಿದ್ರ?”

“ಯಾರ ಓದತಾರ್ರಿ? ಸದಾಶಿವಕಾಕಾ ಗುಂಡಿ ಒತ್ತೂದು ಕಲತದ್ದೇ ಭಾಳ ಆತು!”

ಸದಾಶಿವಕಾಕಾ ಅಲ್ಲಿಯ ಕಾರಕೂನರು; ಮರಾಠಿ ಬಿಟ್ಟರೆ ಬೇರೆ ತಿಳಿಯದು. ಒಂದು ಮುಂಜಾನೆ ಅವರ ಫೋನು. ವರ್ಷಗಟ್ಟಲೆ ಕಾದು ಪಡೆದ ಫೋನು ಆ ದಿನ ಸತ್ತಿರಲಿಲ್ಲ, ಅದೇ ಶಿವನ ಮೊದಲ ದಯೆ. ಹೆರಿಗೆಯಾದ, ಆರಗ ಊರಿನ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ಸಿಗುವುದು ಕಷ್ಟವಾದ ಗುಂಪು, ಯಾದಿ ತೆರೆಯುತ್ತಿಲ್ಲ, ಬದಲಿಗೆ ಪ್ರೋಗ್ರಾಮಿನ ಸಾಲುಗಳೇ ಪರದೆಗೆ ಬಂದು ನಿಂತಿವೆ. ಶಾರದಾ ಪುಣೆಯ ಬಸ್ಸಿನಲ್ಲಿ.

“ವಹಿನಿ, ಹೇ ಕಾನಡಿ ಆಹೇ ಕಾ?” ಇದು ಕನ್ನಡವೇ ಎಂದು ಕೇಳಿ, ಅಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ತಡವರಿಸಿ ಓದಿದರು: “ಯಾದಿ ಕೆಟ್ರ ನಕಲು ಬಿಳೆ ಫ್ಲಾಪಿಯೊಳಗ ಐತಿ. ಕೆಳಗಿನ ಸಾಲಿನ್ಯಾಗ ಸಿ ತಗದು ಎ ಹಾಕು. ಫ್ಲಾಪಿ ಮನ್ಯಾಗಿನಂಗ ಇಟ್ಟೇನಿ.”

ನಾನು ಮರಾಠಿಯಲ್ಲಿ ಹೇಳಿದೆ. ಮನೆಯಲ್ಲಿನ ಹಾಗೆ ಎಂದರೆ ಎಲ್ಲಿ ಎಂದರು. ನನಗೂ ಹೊಳೆಯಲಿಲ್ಲ. ಅಕ್ಕಿ ಡಬ್ಬಿಯೇ? ಟ್ರಂಕೇ? ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು, ಕದಲಲಿಲ್ಲ. ಆ ಕಡೆ ಯಾರೋ ಫೋನು ಕಸಿದುಕೊಂಡರು. ಬಾಣಂತಿಯ ಗಂಡ.

“ಅಕ್ಕಾರ, ಲಗೂನ ಹೇಳ್ರಿ, ಆಕೀ ಕೈ ತಣ್ಣಗಾಗ್ಯಾವ...”

ಬಾಯಿಗೆ ಬಂದದ್ದು “ವೀರಭದ್ರಾ” ಒಂದೇ. ಕಣ್ಣು ತಾನಾಗಿ ಪಟದ ಕಡೆ ತಿರುಗಿತು.

“ಅಣ್ಣಾ, ಅಲ್ಲಿ ದೇವರ ಫೋಟೋ ಐತೇನ?”

“ಗಣಪತಿದು ಐತ್ರಿ.”

“ಅದರ ಹಿಂದ ಕೈ ಹಾಕು!”

ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ. ಪಂಚಾಕ್ಷರಿ ಜಪಿಸುತ್ತಾ ಎಷ್ಟು ಹೊತ್ತು ನಿಂತೆನೋ. ಕೊನೆಗೆ ಕಾಕಾ ಒಂದೊಂದೇ ಹೆಸರು ಓದತೊಡಗಿದರು. ನನಗಲ್ಲ, ಪಕ್ಕದ ಡಾಕ್ಟರಿಗೆ. ಸಾಂಗಲಿಯ ಮೇಷ್ಟರೊಬ್ಬರು ಸ್ಕೂಟರಿನಲ್ಲಿ ಬಂದು ರಕ್ತ ಕೊಟ್ಟರು. ಬಾಣಂತಿ ಉಳಿದಳು.

ತಿರುಗಿ ಬಂದ ಶಾರದಾ ಅನ್ನ ಮುಟ್ಟಲಿಲ್ಲ. “ನಾ ಇಲ್ಲದ ದಿನ ಕಾಕಾನೇ ತೆರೀಬೇಕಲ್ಲ ವೈನಿ,” ಎಂದು ಅಷ್ಟೂ ಸಾಲುಗಳನ್ನು ಮರಾಠಿಗೆ ತಿದ್ದಿದಳು. ಹೊಸ ಫ್ಲಾಪಿಗೆ ನಕಲು ಮಾಡಿ, ಹಳೆಯದನ್ನು ನನ್ನ ಕೈಗಿಟ್ಟಳು.

ಈಗ ಅದನ್ನು ಒರೆಸಿ ಮತ್ತೆ ಪಟದ ಹಿಂದೆ, ಕೀಲಿಯ ಪಕ್ಕ ಇಟ್ಟೆ. ಆಸ್ಪತ್ರೆಗೆ ಹೋದಾಗ ಬೇಕಾದೀತೆಂದು ಸೊಸೆಗೆ ಬರೆದಿಟ್ಟ ಚೀಟಿ ನೆನಪಾಯಿತು. ಸೊಸೆ ಕೊಲ್ಲಾಪುರದವಳು, ನಮ್ಮ ಮಾತು ತಿಳಿಯುತ್ತದೆ, ಕನ್ನಡ ಅಕ್ಷರ ಬಾರದು. ನಾನು ಜಾಣೆ ಕನ್ನಡದಲ್ಲಿ ಬರೆದಿದ್ದೆ: “ಕೀಲಿ ಯಾವಾಗಲಿನ ಜಾಗದಾಗ ಐತಿ.”

ಹರಿದೆ. ಕೀಲಿ ವೀರಭದ್ರನ ಪಟದ ಹಿಂದಿದೆ ಎಂದು ಮರಾಠಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸೊಸೆಯನ್ನು ಕರೆದು ಕೊಟ್ಟೆ. ನಾನು ಬಾಯಿ ಬಿಡಲಿಲ್ಲ. ಅವಳು ಓದಿ ನೇರ ದೇವರ ಕೋಣೆಗೆ ಹೋದಳು.

ಒಳಗಿನಿಂದ ಕೀಲಿಗೊಂಚಲಿನ ಸದ್ದು ಬಂತು.