ಮೊಲದ ಏಕಾದಶಿ

ಕಳೆದ ಭಾನುವಾರ ಬೆಳಿಗ್ಗೆ ದಿಲ್ಲಿ ಪಕ್ಕದ ಇಂದಿರಾಪುರದ ನಮ್ಮ ಸೊಸೈಟಿಯಲ್ಲಿ, ಬಿ ಟವರಿನ ಎರಡು ಲಿಫ್ಟುಗಳ ಪೈಕಿ ಕೆಲಸ ಮಾಡುವ ಲಿಫ್ಟಿನ ಎದುರು, ಹಾಲಿನ ಪ್ಯಾಕೆಟ್ ಹಿಡಿದು ನಾನು ನಿಂತಿದ್ದೆ. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ, ಒಂದು ವಾಸನೆ ಮಾತ್ರ ಇತ್ತು. ಸ್ಪಿರಿಟ್ಟು, ಒದ್ದೆಯಾದ ರೋಮ, ಹೆದರಿದ ಪ್ರಾಣಿಯ ಉಚ್ಚೆ, ಎಲ್ಲ ಸೇರಿದ ವಾಸನೆ. ಯಾರೋ ತಮ್ಮ ಸಾಕುಪ್ರಾಣಿಯನ್ನು ಡಾಕ್ಟರಿಗೆ ತೋರಿಸಿ ಈಗಷ್ಟೇ ಮೇಲೆ ಕರೆದುಕೊಂಡು ಹೋಗಿರಬೇಕು. ನಾನು ಲಿಫ್ಟ್ ಹತ್ತಲಿಲ್ಲ, ಮೆಟ್ಟಿಲು ಹತ್ತಿಕೊಂಡು ಹೋದೆ. ಏದುಸಿರು ಬಿಡುತ್ತ ಬಂದವನನ್ನು ಕಂಡು ಹೆಂಡತಿ ಸುಮಾ, ಕೊನೆಗೂ ಇವರು ವ್ಯಾಯಾಮ ಶುರು ಮಾಡಿದರೆಂದು ಸಂತೋಷಪಟ್ಟಳು. ಕೆಲವು ಸಂತೋಷಗಳನ್ನು ತಿದ್ದಲು ಹೋಗಬಾರದು.

ನಿಮಗೆ ಮಖ್ಖನ್ ವಿಷಯ ಹೇಳದೆ ಈ ವಾಸನೆ ಅರ್ಥವಾಗುವುದಿಲ್ಲ. ಮಖ್ಖನ್ ನಮ್ಮ ಮನೆಯ ಮೊಲ. ಮಗಳು ಅದಿತಿ ಚಿಕ್ಕವಳಿದ್ದಾಗ ನಾಯಿ ಬೇಕೆಂದು ಹಠ ಹಿಡಿದಿದ್ದಳು. ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಅಧೀನ ಕಾರ್ಯದರ್ಶಿ. ಬೇಡಿಕೆಯನ್ನು ಪೂರ್ತಿ ತಳ್ಳಿಹಾಕದೆ, ಪೂರ್ತಿ ಒಪ್ಪದೆ, ನಡುವೆ ಎಲ್ಲಾದರೂ ಇಳಿಸಿಬಿಡುವುದಕ್ಕೇ ನನಗೆ ಸಂಬಳ. ನಾಯಿ ಕೇಳಿದವಳಿಗೆ ಮೊಲ ಮಂಜೂರಾಯಿತು. ಅವಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಹೆಸರು ಹಿಂದಿಯಲ್ಲಿ ಬಂತು. ನಮ್ಮ ಅಮ್ಮ, "ಮಖ್ಖನ್ ಅಂದ್ರೆ ಏನೇ?" ಎಂದು ಮೊಮ್ಮಗಳನ್ನು ಕೇಳಿ ತಿಳಿದುಕೊಂಡು, ಅವತ್ತಿನಿಂದ ಅದನ್ನು ಬೆಣ್ಣೆ ಎಂದೇ ಕರೆದಳು. ಮೊಲ ಎರಡೂ ಹೆಸರನ್ನು ಸಮನಾಗಿ ಕಡೆಗಣಿಸಿತು. ರಾಷ್ಟ್ರದ ಭಾಷಾ ಸಮಸ್ಯೆಗೆ ಇಷ್ಟು ನಿಷ್ಪಕ್ಷಪಾತವಾದ ಪರಿಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ವರ್ಷಗಳು ಕಳೆದವು. ಅದಿತಿ ಕಾಲೇಜು ಸೇರಿದಳು, ಮೊಲ ಮುದಿಯಾಯಿತು. ಜಿಗಿಯುತ್ತಿದ್ದದ್ದು ನಡೆಯತೊಡಗಿತು. ನಡೆಯುತ್ತಿದ್ದದ್ದು ಅಮ್ಮನ ಕುರ್ಚಿಯ ಕೆಳಗೆ ಕೂತುಬಿಟ್ಟಿತು. ಕುರ್ಚಿಯ ಮೇಲೆ ಒಬ್ಬರು, ಕೆಳಗೆ ಒಬ್ಬರು. ಇಬ್ಬರೂ ಮಧ್ಯಾಹ್ನವೆಲ್ಲ ಬಾಲ್ಕನಿಯಿಂದ ಎದುರಿನ ಟವರನ್ನು ನೋಡುತ್ತಿದ್ದರು, ಅಲ್ಲಿ ನೋಡುವಂಥದ್ದು ಏನೂ ಇಲ್ಲದಿದ್ದರೂ.

ನಮ್ಮ ಮನೆಯಲ್ಲಿ ಏಕಾದಶಿ ಕಟ್ಟುನಿಟ್ಟು. ಅಂದರೆ ಅಮ್ಮನಿಗೆ ಕಟ್ಟುನಿಟ್ಟು, ಒಂದು ಗುಟುಕು ನೀರೂ ಇಲ್ಲ. ಉಳಿದವರಿಗೆ ಫಲಾಹಾರ, ಅಂದರೆ ಬೇರೆ ದಿನಕ್ಕಿಂತ ಹೆಚ್ಚು ಊಟ. ಎರಡು ವರ್ಷದ ಹಿಂದೆ, ಚಳಿ ಶುರುವಾಗುತ್ತಿದ್ದಾಗ, ಒಂದು ಏಕಾದಶಿಯ ಬೆಳಿಗ್ಗೆ ಮೊಲ ತನ್ನ ತಟ್ಟೆಯ ಮೆಂತ್ಯಸೊಪ್ಪನ್ನು ಮೂಸಿ ಮುಖ ತಿರುಗಿಸಿತು. ಮಧ್ಯಾಹ್ನ ಕ್ಯಾರೆಟ್ಟಿಗೂ ಅದೇ ಮರ್ಯಾದೆ. ಬೇರೆ ಯಾವ ಮನೆಯಲ್ಲಾದರೂ ಇದನ್ನು ಕಾಯಿಲೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಇದು ಭಕ್ತಿಯಾಯಿತು.

"ನೋಡ್ರೋ, ಬೆಣ್ಣೆ ಉಪವಾಸ ಮಾಡ್ತಿದೆ," ಅಂದಳು ಅಮ್ಮ. "ಹಿಂದಿನ ಜನ್ಮದಲ್ಲಿ ಯಾವ ಆಚಾರ್ಯರೋ ಏನೋ."

ಸುಮಾ ಫೋಟೊ ತೆಗೆದು ನೆಂಟರ ಗುಂಪಿಗೆ ಕಳಿಸಿದಳು. ಧಾರವಾಡದಿಂದ, ಮೈಸೂರಿನಿಂದ ಕೈಮುಗಿದ ಚಿತ್ರಗಳು ಬಂದವು. ನಮ್ಮ ದೊಡ್ಡಪ್ಪನ ಮಗನೊಬ್ಬ, ತಾನು ಅದೇ ಹೊತ್ತಿಗೆ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುತ್ತಿದ್ದವನು, ಮೊಲವನ್ನು ನೋಡಿ ಕಲಿಯಬೇಕು ಎಂದು ಬರೆದ. ಮೊಲ ಮೂಲೆಯಲ್ಲಿ ಹಲ್ಲು ಕಡಿಯುತ್ತ ಕೂತಿತ್ತು. ಅದನ್ನು ನಾವು ಜಪ ಎಂದುಕೊಂಡೆವು.

ಮರುದಿನ ದ್ವಾದಶಿ. ಬೆಳಗಾಗುತ್ತಲೇ ಪಾರಣೆ ಮಾಡಿ ಉಪವಾಸ ಮುರಿಯಬೇಕು. ಅಮ್ಮ ಊಟ ಮುಗಿಸಿ ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು. ಸೊಪ್ಪು ಹಾಗೇ ಇತ್ತು.

"ಏ, ಬಾರೋ ಇಲ್ಲಿ," ಅಂದಳು. "ಇದು ಪಾರಣೇನೂ ಬಿಟ್ಟಿದೆ. ಏಕಾದಶಿ ಮಾಡೋರು ಪಾರಣೆ ಬಿಡಲ್ಲ ಕಣೋ. ಇದಕ್ಕೇನೋ ಆಗಿದೆ."

ನಮ್ಮ ಕುಟುಂಬದ ವೈದ್ಯಕೀಯ ಜ್ಞಾನ ಧರ್ಮಶಾಸ್ತ್ರದ ಮೂಲಕ ಬಂತು. ಬಂತಲ್ಲ, ಅದೇ ದೊಡ್ಡದು.

ನಮ್ಮ ಸುತ್ತಮುತ್ತ ನಾಯಿಯ ಡಾಕ್ಟರು ಬೇಕಾದಷ್ಟು. ಮೊಲ ಎಂದೊಡನೆ ಫೋನು ಇಟ್ಟುಬಿಡುತ್ತಿದ್ದರು. ಕೊನೆಗೆ ನೋಯ್ಡಾದಲ್ಲಿ ಒಬ್ಬ ಯುವ ವೈದ್ಯೆ ಸಿಕ್ಕಳು. ಅಮ್ಮ ತಾನೂ ಬರುತ್ತೇನೆಂದು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಅವಳನ್ನು ಇಳಿಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕ್ಲಿನಿಕ್ಕಿನ ತುಂಬ ಆ ಲಿಫ್ಟಿನದೇ ವಾಸನೆ. ನಾನು ಸ್ಟೀಲ್ ಮೇಜಿನ ಎಡಕ್ಕೆ ನಿಂತಿದ್ದೆ. ಸುಮಾ ಮತ್ತು ಅದಿತಿ ಬಲಕ್ಕೆ, ಅಮ್ಮ ಗೋಡೆ ಪಕ್ಕದ ಕುರ್ಚಿಯಲ್ಲಿ. ವೈದ್ಯೆ ಮೊಲದ ಹೊಟ್ಟೆ ಮುಟ್ಟಿ, ಎಂದಿನಿಂದ ತಿಂದಿಲ್ಲ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಏಕಾದಶಿಯ ವಿಷಯ ಹೇಳಿದೆ. ಅವಳು ಮೊಲದ ಹೊಟ್ಟೆಯಿಂದ ಕೈ ತೆಗೆದಳು.

"ಅಂಕಲ್," ಅಂದಳು, "ಮೊಲ ಉಪವಾಸ ಮಾಡಲ್ಲ. ಮೊಲ ಸಾಯುತ್ತೆ."

ಆಮೇಲೆ ಬಿಡಿಸಿ ಹೇಳಿದಳು. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತದೆ. ಇದರ ಹಿಂದಿನ ಹಲ್ಲು ಮೊನಚಾಗಿ ನಾಲಿಗೆಯನ್ನು ಕೊರೆಯುತ್ತಿದೆ. ನೋವಿಗೆ ತಿನ್ನುತ್ತಿಲ್ಲ, ತಿನ್ನದ್ದರಿಂದ ಕರುಳು ನಿಲ್ಲುತ್ತಿದೆ. ಈಗ ಔಷಧಿ ಕೊಟ್ಟು ಹೊಟ್ಟೆ ಸರಿಮಾಡಬಹುದು, ಆದರೆ ಪ್ರಜ್ಞೆ ತಪ್ಪಿಸಿ ಹಲ್ಲಿನ ಮೊನೆ ತೇಯದಿದ್ದರೆ ಮತ್ತೆ ಇದೇ. ಈ ವಯಸ್ಸಿನಲ್ಲಿ ಪ್ರಜ್ಞೆ ಬರದೆಯೂ ಹೋಗಬಹುದು. ಬೇಡವೆಂದರೆ, ನರಳದ ಹಾಗೆ ಮಲಗಿಸಿಬಿಡುವ ಇಂಜೆಕ್ಷನ್ ಇದೆ. "ಇನ್ಸಾನ್ ಕೇ ಹಿಸಾಬ್ ಸೇ ಅಸ್ಸೀ ಕೇ ಆಸ್‌ಪಾಸ್ ಹೈ," ಎಂದು ಮೊಲದ ವಯಸ್ಸನ್ನು ಮನುಷ್ಯರ ಲೆಕ್ಕಕ್ಕೆ ತಿರುಗಿಸಿ ಸೇರಿಸಿದಳು.

ನಮ್ಮ ಸಚಿವಾಲಯದಲ್ಲಿ ಕಷ್ಟದ ಕಡತವೊಂದು ಬಂದರೆ ಅದರ ಮೇಲೆ "ದಯವಿಟ್ಟು ಚರ್ಚಿಸಿ" ಎಂದು ಬರೆದು ಪಕ್ಕದ ಮೇಜಿಗೆ ದಾಟಿಸುತ್ತೇವೆ. ಆ ಮೇಜಿನವನು ಇನ್ನೊಂದಕ್ಕೆ. ಕಡತ ಊರು ಸುತ್ತಿ ಬರುವಷ್ಟರಲ್ಲಿ ಸಮಸ್ಯೆ ತಾನಾಗಿ ತೀರಿಹೋಗಿರುತ್ತದೆ. ಆ ದಿನ ಸ್ಟೀಲ್ ಮೇಜಿನ ಸುತ್ತ ಅದೇ ನಡೆಯಿತು.

"ನಿನಗೇನನ್ನಿಸುತ್ತೆ?" ಎಂದು ನಾನು ಸುಮಾಳನ್ನು ಕೇಳಿದೆ.

"ನೀವು ಹೇಳಿದ ಹಾಗೆ," ಅಂದಳು. "ಆದರೂ ಈ ವಯಸ್ಸಲ್ಲಿ ಯಾಕೆ ಹಿಂಸೆ?"

"ಮಮ್ಮಾ, ಐಸೇ ಮತ್ ಬೋಲೋ! ಹಲ್ಲುನೋವಿಗೆ ಯಾರಾದ್ರೂ ಸಾಯಿಸ್ತಾರಾ?" ಅದಿತಿಯ ಕಣ್ಣು ತುಂಬಿತ್ತು. "ಆದ್ರೆ ಎದ್ದೇಳದೇ ಹೋದ್ರೆ? ಅಪ್ಪ, ನೀವೇ ಹೇಳಿ."

"ಎಲ್ಲ ಅಂಶಗಳನ್ನೂ ನೋಡೋಣ," ಅಂದೆ ನಾನು. "ಎಂಬತ್ತು ಅಂದರೆ ಬಾಳಬೇಕಾದಷ್ಟು ಬಾಳಿದೆ. ಇನ್ನು ಎಷ್ಟು ದಿನಕ್ಕೆ ಅಂತ..."

ಈ ಮಾತೆಲ್ಲ ಯಾರ ಎದುರಿಗೆ ನಡೆಯುತ್ತಿದೆ ಎಂದು ನಮಗೆ ಮೂವರಿಗೂ ಹೊಳೆದಿರಲಿಲ್ಲ. ವೈದ್ಯೆಗೆ ಹೊಳೆದಿರಬೇಕು. ಅವಳು ಕನ್ನಡ ಬಾರದೆಯೂ ತಲೆ ತಗ್ಗಿಸಿದ್ದಳು.

"ಅಸ್ಸೀ ಅಂದ್ರೆ ಎಂಬತ್ತಲ್ವೇನೋ?" ಗೋಡೆಯ ಕಡೆಯಿಂದ ಅಮ್ಮ ಕೇಳಿದಳು. ತರಕಾರಿ ಭಯ್ಯಾನ ಜೊತೆ ಚೌಕಾಸಿ ಮಾಡಿ ಕಲಿತ ಹಿಂದಿ. ಅಂಕಿಗಳಲ್ಲಿ ಅವಳನ್ನು ಮೋಸಗೊಳಿಸುವಂತಿರಲಿಲ್ಲ.

"ಹೌದಮ್ಮ."

"ನನಗೆಷ್ಟು?"

ನಾನು ಸುಮಾಳ ಮುಖ ನೋಡಿದೆ. ಆ ಕಡತವೂ ಅಲ್ಲಿಂದ ವಾಪಸ್ ಬಂತು. "ಎಂಬತ್ತೆರಡು," ಅಂದೆ.

"ಮತ್ತೆ ಇದು ನನಗಿಂತ ಚಿಕ್ಕದು," ಅಂದಳು ಅಮ್ಮ. "ಮಾಡಿಸು."

ಔಷಧಿ ಹಾಕಿ, ಸಿರಿಂಜಿನಲ್ಲಿ ಆಹಾರ ಕುಡಿಸಿ, ಸಂಜೆಗೆ ಮುಂಚೆ ಹಲ್ಲು ತೇಯ್ದರು. ಮೊಲ ಎದ್ದಿತು. ಅದಿತಿ ಅತ್ತಳು, ಸುಮಾ ದೇವರಿಗೆ ಹರಕೆ ಹೇಳಿಕೊಂಡಿದ್ದೆ ಎಂದಳು, ನಾನು ಮೊದಲಿನಿಂದಲೂ ಇದೇ ನನ್ನ ಅಭಿಪ್ರಾಯವಾಗಿತ್ತು ಎಂದೆ. ಸುತ್ತಾಟ ಮುಗಿದ ಕಡತಗಳ ಮೇಲೆ ಎಲ್ಲರೂ ಹಾಗೇ ಬರೆಯುತ್ತಾರೆ.

ಆದರೆ ಅದು ತಾನಾಗಿ ತಿನ್ನಲು ಒಲ್ಲದು. ಬಾಯಿಯ ಗಾಯ ಆರಿದರೂ ನೋವಿನ ನೆನಪು ಆರಿರಲಿಲ್ಲ. ದಿನಗಟ್ಟಲೆ ಸಿರಿಂಜು. ಎದುರಿಗೆ ಯಾರಾದರೂ ತಿನ್ನುತ್ತಿದ್ದರೆ ಅದಕ್ಕೂ ಧೈರ್ಯ ಬರಬಹುದು ಎಂದು ವೈದ್ಯೆ ಫೋನಿನಲ್ಲಿ ಹೇಳಿದಳು. ಅದಿತಿ ಚಿಪ್ಸ್ ತಿಂದು ತೋರಿಸಿದಳು, ನಾನು ಬಿಸ್ಕತ್ತು. ಮೊಲ ನಮ್ಮನ್ನು ನಂಬಲಿಲ್ಲ. ಅದರ ತಪ್ಪೇನೂ ಇಲ್ಲ.

ಅಷ್ಟರಲ್ಲಿ ಮುಂದಿನ ಏಕಾದಶಿ ಬಂತು. ಮಧ್ಯಾಹ್ನ ನಾನು ಅಡಿಗೆಮನೆಯ ಬಾಗಿಲಿಗೂ ಫ್ರಿಜ್ಜಿಗೂ ನಡುವೆ ನಿಂತಿದ್ದೆ. ಅಲ್ಲಿಂದ ಬಾಲ್ಕನಿ ಪೂರ್ತಿ ಕಾಣುತ್ತದೆ. ಅಮ್ಮ ಕುರ್ಚಿ ಬಿಟ್ಟು, ಗೋಡೆ ಹಿಡಿದು, ನೆಲದ ಮೇಲೆ ಕೂತಳು. ತಟ್ಟೆಯಿಂದ ಕೊತ್ತಂಬರಿಯ ಒಂದು ಎಸಳು ಎತ್ತಿ ಮೊಲಕ್ಕೆ ತೋರಿಸಿ, ತನ್ನ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಜಗಿದಳು. ಮೊಲ ನೋಡಿತು. ಇನ್ನೊಂದು ಎಸಳು. ಮೊಲ ಮುಂದೆ ಬಂದು, ಅವಳ ಬೆರಳಿನಲ್ಲಿದ್ದ ಮೂರನೆಯದನ್ನು ಎಳೆದುಕೊಂಡಿತು.

"ಅಜ್ಜಿ, ಆಜ್ ತೋ ಏಕಾದಶಿ ಹೈ!" ಅದಿತಿ ಕೂಗಿದಳು.

"ನನಗೆ ಗೊತ್ತು ಕಣೇ," ಅಂದಳು ಅಮ್ಮ. "ಅದಕ್ಕೆ ಗೊತ್ತಿಲ್ಲವಲ್ಲ."

ಅತ್ತೆ ಜಗಿದು ಉಗುಳಿದರು ಎಂದು ಸುಮಾ ಇಂದಿಗೂ ವಾದಿಸುತ್ತಾಳೆ. ಬುದ್ಧಿ ತಿಳಿದಾಗಿನಿಂದ ಏಕಾದಶಿ ಬಿಡದವಳ ಲೆಕ್ಕದಲ್ಲಿ ಒಂದು ತೂತು ಉಳಿಯಬಾರದೆಂದು ಸುಮಾಳ ಕಾಳಜಿ. ನಾನು ನಿಂತ ಜಾಗ ಹೇಳಿದ್ದೇನೆ. ಗಂಟಲು ಅಲುಗಿದ್ದನ್ನು ಕಂಡೆ. ನುಂಗಿದಳು.

ಅಮ್ಮ ಹೋಗಿ ವರ್ಷ ತುಂಬುತ್ತ ಬಂತು. ತನ್ನ ಬಗ್ಗೆ ಯಾವ ಡಾಕ್ಟರ ಎದುರೂ ಚರ್ಚಿಸಲು ಅವಳು ನಮಗೆ ಸಮಯ ಕೊಡಲಿಲ್ಲ. ಮಧ್ಯಾಹ್ನ ಕುರ್ಚಿಯಲ್ಲಿ ಕೂತಿದ್ದಳು, ಹಾಗೇ ಹೋದಳು. ಆ ಏಕಾದಶಿಯನ್ನು ಕಂಡವರಲ್ಲಿ ನನ್ನ ಹೊರತು ಈಗ ಇರುವವರು ಸುಮಾ, ಅದಿತಿ, ಮತ್ತು ಕುರ್ಚಿಯ ಕೆಳಗೆ ಕೂತು ಕೊತ್ತಂಬರಿ ತಿನ್ನುತ್ತಿರುವ ಬೆಣ್ಣೆ.