ಸರ್ ಸುಮ್ಮನಿದ್ದ ಹೊತ್ತು

ಡಿಗ್ರಿ ಓದುವಾಗ ನಾನು ಪ್ರಾಣಿಶಾಸ್ತ್ರದ ಉಪನ್ಯಾಸಕರೊಬ್ಬರನ್ನು ತುಂಬಿದ ತರಗತಿಯಲ್ಲಿ ಸೋಲಿಸಿದೆನೆಂದು ಕುರುಗೋಡಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಆ ತರಗತಿಯಲ್ಲಿ ನಾನೂ ಇದ್ದೆ. ಎರಡನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕದಲ್ಲಿ. ಅಂಥದ್ದೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೆ ಆ ಮಾತು ಹೊರಟದ್ದು ನನ್ನ ಬಾಯಿಂದಲೇ. ಹಾಗಾಗಿ ನಡೆದದ್ದನ್ನು ನಡೆದಷ್ಟೇ ಹೇಳುವ ಹೊಣೆ ನನ್ನ ಮೇಲಿದೆ.

ಕುರುಗೋಡಿನಲ್ಲಿ ನಮ್ಮದು ತಗಡಿನ ಸೂರಿನ ಸಣ್ಣ ಚರ್ಚು. ಇಪ್ಪತ್ತೋ ಇಪ್ಪತ್ತೆರಡೋ ಮನೆಯವರು. ಪಾಸ್ಟರ್ ಅಯ್ಯನವರ ಪ್ರಸಂಗ ಕನ್ನಡದಲ್ಲಿ, ಹಾಡು ತೆಲುಗಿನಲ್ಲಿ, ಮಕ್ಕಳನ್ನು ಬೈಯುವುದು ಎರಡರಲ್ಲೂ. ಭಾನುವಾರ ಪ್ರಸಂಗ ಮುಗಿದ ಮೇಲೆ ಸಾಕ್ಷಿ ಹೇಳುವ ಪದ್ಧತಿ. ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರಾಗಿ ಎದ್ದು ನಿಂತು ಹೇಳಬೇಕು. ಜ್ವರ ಬಿಟ್ಟಿತು, ತಪ್ಪಿಸಿಕೊಂಡಿದ್ದ ಎಮ್ಮೆ ಸಿಕ್ಕಿತು, ಮಗಳು ಪಾಸಾದಳು. ಪ್ರತಿಯೊಂದಕ್ಕೂ ಕೂತವರೆಲ್ಲ ‘ಸ್ತೋತ್ರ’ ಎನ್ನುತ್ತಾರೆ. ಜ್ವರಕ್ಕೆ ಸಣ್ಣ ಸ್ತೋತ್ರ, ಎಮ್ಮೆಗೆ ದೊಡ್ಡ ಸ್ತೋತ್ರ. ಹೇಳುವವರಿಗೆ ಇದು ಗೊತ್ತಿರುತ್ತದೆ. ವಾರದಿಂದ ವಾರಕ್ಕೆ ಜ್ವರದ ಡಿಗ್ರಿ ಸ್ವಲ್ಪ ಸ್ವಲ್ಪವೇ ಏರುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಯಾರೂ ಸುಳ್ಳು ಹೇಳುವುದಿಲ್ಲ. ದೇವರಿಗೆ ಸ್ವಲ್ಪ ಸಹಾಯ ಮಾಡುತ್ತಾರೆ, ಅಷ್ಟೆ.

ಬಳ್ಳಾರಿಯ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಸೇರಿದಾಗ ಪಾಸ್ಟರ್ ಅಯ್ಯನವರಿಗೆ ಚಿಂತೆ ಹತ್ತಿತು. ಮನುಷ್ಯ ಮಂಗನ ವಂಶದವನೆಂಬ ಪಾಠ ಬಂದೇ ಬರುತ್ತದೆಂದು ಏಳು ಪ್ರಶ್ನೆಗಳನ್ನು ಗುಂಡಗಿನ ಅಕ್ಷರಗಳಲ್ಲಿ ಚೀಟಿಯಲ್ಲಿ ಬರೆದುಕೊಟ್ಟರು. ಟೇಲರ್ ಆಗಿದ್ದ ಅಪ್ಪನಿಗೆ ಬೇರೆಯೇ ಲೆಕ್ಕಾಚಾರ. ನನ್ನ ನಂಬಿಕೆ ಗಟ್ಟಿಯಾಗಿ ಉಳಿದರೆ ತಂಗಿ ಸುನೀತಳನ್ನೂ ಕಾಲೇಜಿಗೆ ಕಳಿಸುವುದು, ಇಲ್ಲವಾದರೆ ಪಿಯುಸಿ ಆದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂರಿಸುವುದು. ಅಳತೆಗೆ ಕೊಟ್ಟ ಹಳೆಯ ರವಿಕೆಯಂತೆ ನಾನು ದಿನವೂ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಬರುತ್ತಿದ್ದೆ.

ತಂಗಿಯ ಓದು ನಿಂತೀತೆಂಬ ಭಯಕ್ಕೆ ನಾನು ವಿಪರೀತ ಜಾಗ್ರತೆಯವಳಾದೆ. ಕಿರುಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಸರ್ ಒಪ್ಪಿದ್ದರು. ಬರೆದದ್ದೆಲ್ಲ ನನ್ನ ತಲೆಗೆ ಸುತ್ತಿಕೊಳ್ಳದಿರಲೆಂದು ಪ್ರತಿ ಉತ್ತರವನ್ನೂ ‘ವಿಜ್ಞಾನಿಗಳ ಪ್ರಕಾರ’ ಎಂದೇ ಶುರುಮಾಡುತ್ತಿದ್ದೆ. ‘ವಿಜ್ಞಾನಿಗಳ ಪ್ರಕಾರ ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿವೆ’ ಎಂದು ಬರೆದದ್ದರ ಪಕ್ಕದಲ್ಲಿ ಸರ್ ಕೆಂಪು ಶಾಯಿಯಲ್ಲಿ, ‘ಕಪ್ಪೆಯ ಪ್ರಕಾರವೂ ಮೂರೇ’ ಎಂದು ಬರೆದಿದ್ದರು.

ಈ ಸರ್ ತೆಕ್ಕಲಕೋಟೆಯವರು, ಬಸವಲಿಂಗಪ್ಪ ಎಂದು ಹೆಸರು. ಬೆಳಗಿನ ಪೂಜೆ ಮುಗಿಸಿ, ಹಣೆಗೆ ಅಗಲವಾಗಿ ವಿಭೂತಿ ಬಳಿದುಕೊಂಡೇ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸೀಮೆಸುಣ್ಣದ ಪುಡಿಯೂ ಸೇರಿ, ಪೂಜೆಯದು ಯಾವುದು ಪಾಠದ್ದು ಯಾವುದು ತಿಳಿಯುತ್ತಿರಲಿಲ್ಲ.

ಆ ದಿನದ ಪಾಠ ಮೈ ಜುಮ್ಮೆನ್ನುವುದರ ಮೇಲೆ. ನಮ್ಮ ಪೂರ್ವಜರಿಗೆ ಮೈತುಂಬ ಕೂದಲಿತ್ತು, ಚಳಿಗೋ ಹೆದರಿಕೆಗೋ ಅದು ನಿಮಿರಿ ನಿಲ್ಲುತ್ತಿತ್ತು, ಕೂದಲು ಹೋದರೂ ನಿಮಿರುವ ಅಭ್ಯಾಸ ಚರ್ಮಕ್ಕೆ ಉಳಿದಿದೆ ಎಂದರು. ನಾನು ನನ್ನ ತೋಳನ್ನು ನೋಡಿಕೊಂಡೆ. ಭಾನುವಾರ ತೆಲುಗು ಹಾಡಿನ ಎರಡನೆಯ ಚರಣದಲ್ಲಿ ದನಿ ಏರುವಾಗ ಇದೇ ತೋಳಿನ ಮೇಲೆ ಇದೇ ರೋಮಗಳು ಏಳುತ್ತಿದ್ದವು. ಅದು ದೇವರು ಮುಟ್ಟಿದ ಗುರುತೆಂದು ಅಜ್ಜಿ ಹೇಳಿಕೊಟ್ಟಿದ್ದಳು. ಒಂದೇ ತೋಳು ಎರಡು ಪಾಠಕ್ಕೆ ಹಾಜರಾಗಿದೆಯಲ್ಲ ಎಂದು ವಿಚಿತ್ರವೆನಿಸಿತು. ಕೇಳಿದ್ದರೆ ಅದನ್ನೇ ಕೇಳಬೇಕಿತ್ತು.

ಪಕ್ಕದಲ್ಲಿ ಕೌಲ್ ಬಜಾರಿನ ನಸ್ರೀನ್ ಕೂತಿದ್ದಳು. ಅವಳ ಮನೆಯಲ್ಲೂ ಈ ಪಾಠಕ್ಕೆ ಒಪ್ಪಿಗೆಯಿರಲಿಲ್ಲ. “ಏಳಲೇ, ಕೇಳು. ನಿನ್ನ ಹಿಂದ ನಾ ಅದೀನಿ” ಎಂದಳು.

ಎದ್ದೆ. ಹಿಂದೆ ಯಾರೂ ಏಳಲಿಲ್ಲ. ಚೀಟಿಯ ಮೊದಲ ಪ್ರಶ್ನೆಯನ್ನು ಓದಿದೆ. “ಸರ್, ಇದನ್ನೆಲ್ಲ ನೀವು ಕಣ್ಣಾರೆ ಕಂಡಿದ್ದೀರಾ?”

ಸರ್ ಸುಮ್ಮನಾದರು. ಡಸ್ಟರ್ ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅವರು ಸುಮ್ಮನಿದ್ದದ್ದು ಅಷ್ಟೇ ಹೊತ್ತು, ಒಂದು ಕನ್ನಡಕ ಒರೆಸುವಷ್ಟು.

ಆಮೇಲೆ ಹೇಳಿದರು: “ಇಲ್ಲವ್ವಾ, ಕಂಡಿಲ್ಲ. ನಮ್ಮ ಮುತ್ತಾತನ್ನೂ ನಾ ಕಂಡಿಲ್ಲ. ಆದ್ರ ಅವನ ಮೂಗು ನನ್ನ ಮುಖದ ಮ್ಯಾಗ ಐತಿ ಅಂತ ಊರಾಗಿನ ಮುದುಕ್ರೆಲ್ಲ ಹೇಳ್ತಾರ.”

ಆ ಮೂಗು ಸಣ್ಣದಲ್ಲ. ತರಗತಿ ನಕ್ಕಿತು. ನಕ್ಕವರಲ್ಲಿ ನಸ್ರೀನಳೂ ಇದ್ದಳು. ಸರ್ ಮಾತ್ರ ನಗದೆ ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು. “ನೀ ಏನು ನಂಬ್ತಿ ಅಂತ ನಾ ಕೇಳಂಗಿಲ್ಲ. ಆದ್ರ ಇದು ಬ್ಯಾರೆಯವರ ಪ್ರಶ್ನೆ. ನಿಂದು ಸಿಕ್ಕಾಗ ತಗೊಂಡು ಬಾ. ಕುಂದ್ರು.”

ಕೂತೆ. ಚೀಟಿಯನ್ನು ಮಡಿಚಿ ಪುಸ್ತಕದೊಳಗಿಟ್ಟೆ. ಬಸ್ಸು ಕುರುಗೋಡು ಮುಟ್ಟುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ.

ಮನೆಯ ಬಾಗಿಲಲ್ಲೇ ಅಜ್ಜಿ ಕೇಳಿದಳು. “ಕೇಳಿದೇನು ಬಂಗಾರಾ?”

“ಕೇಳಿದೆ.”

“ಏನಂದ್ರು?”

“ಸುಮ್ಕಾದ್ರು.”

ಇಷ್ಟು ಹೇಳಿ ನಾನು ಮುಖ ತೊಳೆಯಲು ಹೋದೆ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ನನ್ನ ನಾಲಿಗೆಗೆ ಚೆನ್ನಾಗಿ ಗೊತ್ತಿತ್ತು. ಮೂಗಿನ ಮಾತನ್ನು ಬಚ್ಚಲಲ್ಲಿ, ನೀರಿನ ಜೊತೆ ಬಿಟ್ಟುಬಿಟ್ಟೆ.

ಉಳಿದದ್ದನ್ನು ಊರು ನೋಡಿಕೊಂಡಿತು. ಭಾನುವಾರ ಅಜ್ಜಿ ಹೇಳಿದ ಸಾಕ್ಷಿಯಲ್ಲಿ ಸರ್ ತಲೆ ತಗ್ಗಿಸಿದ್ದರು. ಮುಂದಿನ ವಾರದ ಸಾಕ್ಷಿಯಲ್ಲಿ ತರಗತಿ ಬಿಟ್ಟು ಹೊರಗೆ ಹೋದರು. ಮೌನವೆಂಬುದು ಖಾಲಿ ಡಬ್ಬಿಯಂತೆ, ಮನೆಯಲ್ಲಿ ಕಂಡರೆ ಯಾರಾದರೂ ಏನಾದರೂ ತುಂಬಿಯೇ ತುಂಬುತ್ತಾರೆ. ಅಪ್ಪ ಹೆಮ್ಮೆಯಿಂದ ಸುನೀತಳ ಕಾಲೇಜಿನ ಅರ್ಜಿಯ ಮಾತೆತ್ತಿದ. ಅವಳು ನನ್ನ ಹಳೆಯ ಪುಸ್ತಕಗಳಿಗೆ ಬೈಂಡು ಹಾಕತೊಡಗಿದಳು. ಆ ಬೈಂಡಿನ ಸದ್ದು ಕೇಳುವಾಗೆಲ್ಲ ನಾನು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದೆ.

ತಿಂಗಳು ಕಳೆದು ಸಿರುಗುಪ್ಪದಲ್ಲಿ ಸುತ್ತಲಿನ ಊರುಗಳ ಚರ್ಚಿನವರೆಲ್ಲ ಸೇರುವ ಕೂಟ ನಡೆಯಿತು. ಊಟದ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು. “ಆ ಹುಡುಗಿ ಕೇಳಿದ್ದಕ್ಕ ಮಾಸ್ತರ ಅತ್ತುಬಿಟ್ನಂತ. ನಮ್ಮ ತೆಕ್ಕಲಕೋಟಿಯಾವನಂತ, ನಮ್ಮ ಬೀದಿ ಹಿಂದಿನ ಮನಿಯವರ ಪೈಕಿ.”

ನನ್ನ ತಟ್ಟೆಯ ಅನ್ನ ಹಾಗೇ ಉಳಿಯಿತು. ಇಷ್ಟು ದಿನ ಇದು ನನ್ನ ಮತ್ತು ದೇವರ ನಡುವಿನ ವಿಷಯವೆಂದುಕೊಂಡಿದ್ದೆ. ಈಗ ಕನ್ನಡಕ ಒರೆಸಿಕೊಂಡ ಒಬ್ಬ ಮನುಷ್ಯ ತನ್ನದೇ ಊರಿನವರ ಬಾಯಲ್ಲಿ ಅತ್ತವನಾಗಿದ್ದ.

ಮಧ್ಯಾಹ್ನ ಪಾಸ್ಟರ್ ಅಯ್ಯನವರು ಮೈಕಿನಲ್ಲಿ ನನ್ನ ಹೆಸರು ಕರೆದರು. ಎದುರಿಗೆ ಇನ್ನೂರು ಮಂದಿ, ಮುಂದಿನ ಸಾಲಿನಲ್ಲಿ ಅಜ್ಜಿ, ಅಪ್ಪ, ಸುನೀತಾ. ಹೇಳಿದೆ. ಚೀಟಿ, ಪ್ರಶ್ನೆ, ಕನ್ನಡಕ, ಮುತ್ತಾತ, ಮೂಗು, ಬೇರೆಯವರ ಪ್ರಶ್ನೆ ಎಂದದ್ದು, ಎಲ್ಲವನ್ನೂ ನಡೆದ ಕ್ರಮದಲ್ಲಿ. “ಸರ್ ಅಳಲಿಲ್ಲ. ಮನೇಲಿ ಅರ್ಧ ಹೇಳಿ ನಿಲ್ಲಿಸಿದ್ದು ನನ್ನ ತಪ್ಪು” ಎಂದೆ. ದೇವರನ್ನು ನಾನು ಬಿಟ್ಟಿಲ್ಲ, ಆದರೆ ಆತನ ಪರವಾಗಿ ಯಾರನ್ನೂ ಸೋಲಿಸಿಯೂ ಇಲ್ಲ ಎಂದೆ.

ಸ್ತೋತ್ರ ಬರಲಿಲ್ಲ. ಸಣ್ಣದೂ ಬರಲಿಲ್ಲ. ತೋಳಿನ ಮೇಲೆ ರೋಮಗಳು ಎದ್ದು ನಿಂತಿದ್ದವು. ಹೆದರಿಕೆಗೋ, ಅಜ್ಜಿ ಹೇಳಿದ್ದಕ್ಕೋ, ವಿಚಾರಿಸುವಷ್ಟು ಪುರುಸೊತ್ತಿರಲಿಲ್ಲ. ಆಗ ಮುಂದಿನ ಸಾಲಿನಿಂದ ಅಜ್ಜಿಯ ನಗು ಕೇಳಿತು. “ಮೂಗಿನ ಮಾತು ಖರೇನ ಬಿಡ್ರಿ. ಇಕಿಗೂ ನಂದಾ ಬಂದೈತಿ!”

ಸಭೆಯೆಲ್ಲ ಅವಳ ಮೂಗನ್ನೂ ನನ್ನ ಮೂಗನ್ನೂ ತಾಳೆ ಹಾಕಿ ನೋಡಿತು. ಪಾಸ್ಟರ್ ಅಯ್ಯನವರು ನಗಬೇಕೋ ಬೇಡವೋ ತಿಳಿಯದೆ ಹಾಡು ಶುರುಮಾಡಿಸಿದರು.

ವಾಪಸು ಬಸ್ಸಿನಲ್ಲಿ ಅಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ. ಸುನೀತಾ ಕಿಟಕಿಯ ಹೊರಗೆ ಭತ್ತದ ಗದ್ದೆಗಳನ್ನೇ ನೋಡುತ್ತ ಕೂತಿದ್ದಳು. ಕುರುಗೋಡಿನಲ್ಲಿ ಇಳಿದ ಮೇಲೆ ಅಪ್ಪ ಚೀಲವನ್ನು ಹೆಗಲಿಗೇರಿಸಿ ಕೇಳಿದ. “ಸಣ್ಣಾಕಿ ಅರ್ಜಿ ಯಾವತ್ತು ತುಂಬಬೇಕು?” ಹೊಲಿಗೆ ಬಿಚ್ಚಿ ನೋಡಿದ ಮೇಲೂ ಬಟ್ಟೆ ಗಟ್ಟಿಯಿದೆ ಎನಿಸಿರಬೇಕು.

ಸೋಮವಾರ ನನ್ನ ಪ್ರಶ್ನೆ ಸಿಕ್ಕಿತ್ತು. ತರಗತಿ ಖಾಲಿಯಾಗುವವರೆಗೆ ಕಾದು ಸರ್ ಹತ್ತಿರ ಹೋದೆ. ಚೀಟಿಯಿರಲಿಲ್ಲ. “ಸರ್, ಬೆಳಿಗ್ಗೆ ಪೂಜೆ ಮಾಡಿ ಬರ್ತೀರಿ. ಬಂದು ಈ ಪಾಠ ಹೇಳ್ತೀರಿ. ಎರಡನ್ನೂ ಒಂದೇ ಮೈಯಾಗ ಹೆಂಗ ಇಟ್ಕೊಂಡೀರಿ?”

ಸರ್ ಸುಮ್ಮನಾದರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಹೊರಗೆ ಮುಂದಿನ ಪಿರಿಯಡ್ಡಿನ ಗಂಟೆ ಹೊಡೆಯಿತು. ಹುಡುಗಿಯರ ಗುಂಪೊಂದು ಕಾರಿಡಾರಿನ ಈ ತುದಿಯಿಂದ ಆ ತುದಿಯವರೆಗೂ ಗಲಾಟೆ ಮಾಡುತ್ತ ಹಾದುಹೋಯಿತು. ಆಮೇಲೂ ಅವರು ಸುಮ್ಮನೇ ಇದ್ದರು.

“ಗೊತ್ತಿಲ್ಲವ್ವಾ” ಎಂದರು ಕೊನೆಗೆ. “ನಿನಗ ಮೊದಲು ಗೊತ್ತಾದ್ರ ನನಗ ಹೇಳು.”

ನನಗೆ ಇನ್ನೂ ಗೊತ್ತಾಗಿಲ್ಲ. ಅವರಿಂದಲೂ ಸುದ್ದಿಯಿಲ್ಲ. ಆ ಸಂಜೆ ಬಾಗಿಲಲ್ಲಿ ಅಜ್ಜಿ ಎಂದಿನಂತೆ ಕೇಳಿದಳು. “ಇವತ್ತೇನಾತು ಬಂಗಾರಾ?” ನಿಜಕ್ಕೂ ಸರ್ ಸುಮ್ಮನಾದದ್ದು ಅವತ್ತೇ. ಇನ್ನೊಂದು ಖಾಲಿ ಡಬ್ಬಿಯನ್ನು ಮನೆಗೆ ತರುವ ಮನಸ್ಸಾಗಲಿಲ್ಲ. “ಏನೂ ಇಲ್ಲಜ್ಜಿ” ಎಂದು ಮುಖ ತೊಳೆಯಲು ಹೋದೆ.